ಅಂಪೈರ್ ನಮ್ಮ ಟೀಮಿನವನೇ ಆದಾಗ

ರಜೆಯ ದಿನ ಅಸರ್ ನಮಾಝ್ ಮುಗಿಸಿ ಊರಿನ ಬಯಲಿನ ಕಡೆ ಹೋದರೆ ಮಕ್ಕಳ ಅಂಡರ್ ಆರ್ಮ್ ಕ್ರಿಕೆಟ್ ಜೋರಾಗಿ ನಡೆಯುತ್ತಿರುತ್ತದೆ. ಚೆಂಡು ತೋಟಕ್ಕೆ ಹೋದರೆ ಎಷ್ಟು ರನ್, ವೈಡ್ ಉಂಟಾ ಇಲ್ಲವಾ, ಎಲ್ಲವನ್ನೂ ಮಕ್ಕಳೇ ಮೊದಲು ಮಾತಾಡಿಕೊಳ್ಳುತ್ತಾರೆ. ಅಂಪೈರ್ ಮಾತ್ರ ಬ್ಯಾಟಿಂಗ್ ಟೀಮಿನವನೇ. ಫೀಲ್ಡಿಂಗಿಗೆ ಎದುರಿನವರೆಲ್ಲಾ ಬೇಕಲ್ಲ!

ಮೊನ್ನೆ ಅಲ್ಲಿ ಒಂದು ರನೌಟ್ ಆಯಿತು. ಅಂಪೈರ್ ನಿಂತಿದ್ದ ಹುಡುಗನಿಗೆ ಹನ್ನೆರಡು ವರ್ಷ ಇರಬಹುದು. ಓಡಿದವನು ಅವನದೇ ಅಣ್ಣ. ಹುಡುಗ ಸೀದಾ ಬೆರಳೆತ್ತಿದ. ಬದಿಯಲ್ಲಿ ಕೂತಿದ್ದ ನಮ್ಮ ಹಿರಿಯರಲ್ಲಿ ಒಬ್ಬರು, "ನಿನಗೆ ಮಂಡೆ ಸಮ ಇಲ್ವಾ? ನಮ್ಮವನಿಗೇ ಔಟ್ ಕೊಡುದಾ?" ಎಂದರು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಹುಡುಗನ ಮುಖ ಸಣ್ಣದಾಯಿತು.

ಸ್ವಲ್ಪ ಹೊತ್ತಿಗೆ ಇನ್ನೊಂದು ರನೌಟ್. ಸಂಶಯವೇ ಇಲ್ಲ. ಹುಡುಗ ಮೊದಲು ನಮ್ಮ ಕಡೆ ನೋಡಿದ, ಮತ್ತೆ "ನಾಟ್ ಔಟ್" ಎಂದ. ಎದುರಿನ ಮಕ್ಕಳು ಚೆಂಡು ಎತ್ತಿಕೊಂಡು ಮನೆಗೆ ಹೋದರು. ಮಗ್ರಿಬ್ ಬಾಂಗ್‌ಗೆ ಇನ್ನೂ ಹೊತ್ತಿತ್ತು, ಆಟ ಅಲ್ಲಿಗೇ ಮುಗಿಯಿತು.

ಆ ರಾತ್ರಿ ನಮಗೆ ಸಮಾಧಾನವಿರಲಿಲ್ಲ. ತಂದೆ ತಾಯಿ, ಹತ್ತಿರದ ಬಂಧುಗಳು, ಕೊನೆಗೆ ನಮ್ಮದೇ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂದು ಸೂರಃ ಅನ್ನಿಸಾದ 135ನೇ ಆಯತ್ ಹೇಳುತ್ತದೆ. ಅದನ್ನು ಮಕ್ಕಳಿಗೆ ಕಲಿಸುವವರು ನಾವೇ. ಹುಡುಗ ಬಯಲಿನಲ್ಲಿ ಅದನ್ನೇ ಮಾಡಿದ್ದ. ಅದು ತಪ್ಪೆಂದು ಅವನಿಗೆ ಕಲಿಸಿದ್ದು ನಮ್ಮ ನಗು.

ಸೋಲೂ ಹಾಗೆಯೇ. ಓಟದಲ್ಲಿ ಯಾರಿಗೂ ಸೋಲದಿದ್ದ ಪ್ರವಾದಿಯವರ (ಸ) ಒಂಟೆಯನ್ನು ಒಮ್ಮೆ ಒಬ್ಬ ಗ್ರಾಮೀಣ ಅರಬನ ಒಂಟೆ ಹಿಂದೆ ಹಾಕಿತು. ಸಹಾಬಿಗಳಿಗೆ ಬೇಜಾರಾಯಿತು. ಪ್ರವಾದಿಯವರು (ಸ) ಆ ಅರಬನಲ್ಲಿ ತಪ್ಪು ಹುಡುಕಲಿಲ್ಲ. ದುನಿಯಾದಲ್ಲಿ ಮೇಲೇರಿದ್ದನ್ನು ಅಲ್ಲಾಹನು ಕೆಳಗಿಳಿಸದೆ ಬಿಡುವುದಿಲ್ಲ ಎಂದು ಅವರನ್ನು ಸಮಾಧಾನಪಡಿಸಿದರು. ಸಹೀಹುಲ್ ಬುಖಾರಿಯಲ್ಲಿ ಇದು ಬಂದಿದೆ.

ಮರುದಿನ ಮದ್ರಸದಲ್ಲಿ ಎಲ್ಲ ಮಕ್ಕಳ ಎದುರು ಆ ಹುಡುಗನಿಗೆ, "ನೀನು ಮೊದಲು ಕೊಟ್ಟದ್ದು ಸರಿ, ನಾವು ನಕ್ಕದ್ದು ತಪ್ಪು" ಎಂದೆವು. ಅವನು ತಲೆ ತಗ್ಗಿಸಿ, "ಉಸ್ತಾದ್, ಎರಡನೆಯದೂ ಔಟೇ" ಎಂದ.

ನಿಯಮ ಯಾಕೆ ಬೇಕೆಂದು ಮಕ್ಕಳಿಗೆ ಆಟವೇ ಕಲಿಸುತ್ತದೆ. ಮೋಸ ಮಾಡಿದರೆ ನಾಳೆ ಆಡಲಿಕ್ಕೆ ಯಾರೂ ಬರುವುದಿಲ್ಲ ಎಂದು ಅವರಿಗೆ ಗೊತ್ತು. ಗೆರೆಯ ಹೊರಗೆ ಕೂತ ನಾವು ಅದನ್ನು ಕೆಡಿಸದಿದ್ದರೆ ಸಾಕು.