ಎಂಟು ಮಿಲಿಲೀಟರ್ ಮದ್ದು

ಹಾರನಹಳ್ಳಿ ಸಮುದ್ರಮಟ್ಟಕ್ಕಿಂತ ಸುಮಾರು 800 ಮೀಟರ್ ಎತ್ತರದ ಊರು. ಆ ಎತ್ತರದಲ್ಲಿ ಗಾಳಿಯ ಒತ್ತಡ ಹೆಚ್ಚುಕಡಿಮೆ 690 ಮಿಲಿಮೀಟರ್ ಪಾದರಸ. ಹದಿಮೂರನೇ ಶತಮಾನದ ಲಕ್ಷ್ಮೀನರಸಿಂಹ ಗುಡಿಯ ಪಕ್ಕ ನೆರಳು ಹುಡುಕಿ ಮಲಗಿದ ನಾಯಿಯ ಕಣ್ಣನ್ನೂ ಗಾಳಿ ಅಷ್ಟೇ ಬಲದಿಂದ ಅದುಮುತ್ತಿರುತ್ತದೆ. ಆದರೂ ಕಣ್ಣುಗುಡ್ಡೆ ದುಂಡಗೆ ನಿಂತಿದೆ. ಏಕೆಂದರೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಒಂದಿಷ್ಟು ಜಾಸ್ತಿ: ಬರೀ 15ರಿಂದ 20 ಮಿಲಿಮೀಟರ್. ನೂರಕ್ಕೆ ಮೂರೂ ಇಲ್ಲ!

ಮುಳ್ಳು ಚುಚ್ಚಿ ಕಣ್ಣಿನ ಕಾರ್ನಿಯಾ ಆಳವಾಗಿ ಹುಣ್ಣಾದ ನಾಯಿಯನ್ನು ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಒಯ್ದರು ಅನ್ನಿ. ಕಾರ್ನಿಯಾದ ದಪ್ಪವೇ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಹುಣ್ಣಾದ ಕಡೆ ಅದೂ ಉಳಿದಿರುವುದಿಲ್ಲ. ಹೊಲಿಗೆಗೆ ಅರಿವಳಿಕೆ ಬೇಕೇ ಬೇಕು. 20 ಕಿಲೋ ತೂಗುವ ನಾಯಿಗೆ, ಮೊದಲೇ ಮಂಪರಿನ ಚುಚ್ಚುಮದ್ದು ಆಗಿದ್ದರೆ, ಪ್ರೊಪೊಫಾಲ್ ಎಂಬ ಅರಿವಳಿಕೆ ಮದ್ದು ಸುಮಾರು 8 ಮಿಲಿಲೀಟರ್ ಸಾಕು. ಎರಡು ಟೀ ಚಮಚ ತುಂಬದಷ್ಟು. ನಾಯಿಯ ಮೈಯಲ್ಲಿರುವ ರಕ್ತ ಒಂದೂವರೆ ಲೀಟರಿಗೂ ಮೇಲೆ. ಅಷ್ಟು ರಕ್ತವನ್ನು ಅದರ ಹೃದಯ ಒಂದು ನಿಮಿಷದೊಳಗೆ ಪೂರ್ತಿ ಸುತ್ತಿಸುತ್ತದೆ. ಮದ್ದು ಮಿದುಳಿಗೆ ತಲುಪಲು ಅರ್ಧ ನಿಮಿಷ ಸಾಕು.

ಆಗ ರಕ್ತನಾಳಗಳ ಬಿಗಿ ಸಡಿಲುತ್ತದೆ. ಎಚ್ಚರವಿರುವಾಗ ಸರಾಸರಿ 100 ಮಿಲಿಮೀಟರ್ ಪಾದರಸದ ಆಸುಪಾಸಿನಲ್ಲಿದ್ದ ರಕ್ತದೊತ್ತಡ ಕುಸಿಯುತ್ತದೆ. 100 ಎಂದರೆ ರಕ್ತವನ್ನು ಕೊಳವೆಯಲ್ಲಿ ನಾಲ್ಕಡಿಗೂ ಎತ್ತರಕ್ಕೆ ಏರಿಸುವ ಬಲ. 60 ಎಂದರೆ ಎರಡೂವರೆ ಅಡಿ. ಅದಕ್ಕಿಂತ ಕೆಳಗಿಳಿದರೆ ಮೂತ್ರಪಿಂಡ, ಮಿದುಳುಗಳಿಗೆ ರಕ್ತ ಸಾಲದು. ಪ್ರಾಣಿಯೊಂದರ ಉಳಿವು ಈ ಒಂದೂವರೆ ಅಡಿಯ ಅಂತರದಲ್ಲಿದೆ ಎನ್ನುವುದು ನನ್ನನ್ನು ಪ್ರತಿ ಸಲವೂ ಬೆರಗುಗೊಳಿಸುತ್ತದೆ.

ಇನ್ನೂ ವಿಚಿತ್ರವೆಂದರೆ, ರಕ್ತದೊತ್ತಡ ಇಳಿಸುವ ಇದೇ ಪ್ರೊಪೊಫಾಲ್ ನಾಯಿಗಳ ಕಣ್ಣಿನೊತ್ತಡವನ್ನು ಏರಿಸಬಲ್ಲದು ಎಂದು ಅಧ್ಯಯನಗಳು ತೋರಿಸಿವೆ. ಕೆಟಮಿನ್ ಎಂಬ ಇನ್ನೊಂದು ಅರಿವಳಿಕೆ ಕೊಟ್ಟರೆ ಸಾಮಾನ್ಯವಾಗಿ ರಕ್ತದೊತ್ತಡ ಬೀಳದು, ಆದರೆ ಅದೂ ಕಣ್ಣಿನೊತ್ತಡ ಹೆಚ್ಚಿಸಬಹುದು. ಆರೋಗ್ಯದ ಕಣ್ಣು ನಾಲ್ಕೈದು ಮಿಲಿಮೀಟರ್ ಏರಿಕೆಯನ್ನು ತಾಳಿಕೊಳ್ಳುತ್ತದೆ. ಆದರೆ ಹುಣ್ಣಾಗಿ ತೆಳುವಾದ ಕಾರ್ನಿಯಾ ಹರಿದು ಒಳಗಿನದು ಹೊರಬರಬಹುದು.

ಹಾಗಾಗಿ ವೈದ್ಯರು ಸಿರಿಂಜನ್ನು ಆತುರದಿಂದ ಒತ್ತುವುದಿಲ್ಲ; ಒಂದು ನಿಮಿಷದಷ್ಟು ಹೊತ್ತು ತಡೆತಡೆದು ಕೊಡುತ್ತಾರೆ. ಶ್ವಾಸನಾಳಕ್ಕೆ ಕೊಳವೆ ಇಳಿಸುವಾಗ ನಾಯಿ ಕೆಮ್ಮದಷ್ಟು ಆಳದ ನಿದ್ದೆ ಬಂದಿದೆಯೇ ಎಂದು ನೋಡುತ್ತಾರೆ; ಏಕೆಂದರೆ ಕೆಮ್ಮಿದರೂ ಕಣ್ಣಿನೊತ್ತಡ ಜಿಗಿಯುತ್ತದೆ. ಆಸ್ಪತ್ರೆ ತಲುಪುವ ಮುಂಚೆಯೇ ನಾವು ಮಾಡಬಹುದಾದದ್ದೂ ಇದೆ: ಕೊರಳಿನ ಪಟ್ಟಿಗೆ ಹಗ್ಗ ಕಟ್ಟಿ ಜಗ್ಗಿದರೆ ನಾಯಿಯ ಕಣ್ಣಿನೊತ್ತಡ ಏರುತ್ತದೆ. ಕಣ್ಣು ನೊಂದ ನಾಯಿಯನ್ನು ಎದೆಪಟ್ಟಿ ಹಾಕಿಯೇ ಕರೆದೊಯ್ಯಿರಿ.