ಅವನಿಗೆ ಸೋಮವಾರ, ಅಮ್ಮನಿಗೆ ಭಾನುವಾರ

ಭಾನುವಾರ ಸಂಜೆ ಏಳು ಗಂಟೆಗೆ ಪಕ್ಕದ ಮನೆಯವರ ಬಾಗಿಲು ತಟ್ಟಬಾರದು. ಎರಡು ವರ್ಷ ನಮ್ಮ ಮನೆಯಲ್ಲೂ ಇದೊಂದು ಕಟ್ಟಳೆಯಾಗಿತ್ತು. ಅಮೆರಿಕದ ಯೂಟಾದಲ್ಲಿ ಭಾನುವಾರದ ಬಿಸಿಲು ಇಳಿಯುವ ಆ ಹೊತ್ತಿಗೆ ಫಿಲಿಪೈನ್ಸ್‌ನಲ್ಲಿ ಸೋಮವಾರ ಬೆಳಗಿನ ಒಂಬತ್ತು. ಅವರ ಹಿರಿಮಗ ಫೋನ್ ಮಾಡುವ ವೇಳೆ. ಚಳಿಗಾಲದಲ್ಲಿ ಇಲ್ಲಿಯ ಗಡಿಯಾರ ಒಂದು ಗಂಟೆ ಹಿಂದೆ ಸರಿದರೆ ಆ ಕರೆ ಆರಕ್ಕೇ ಬರುತ್ತಿತ್ತು. ಹಣ್ಣಿನ ಬುಟ್ಟಿಗೆ ಫೋನ್ ಆನಿಸಿಟ್ಟು ಮನೆಮಂದಿಯೆಲ್ಲ ಊಟದ ಮೇಜಿನ ಸುತ್ತ ಕೂರುತ್ತಿದ್ದರು. ಅವನು ಹೊರಟಾಗ ಐದು ವರ್ಷದವಳಾಗಿದ್ದ ತಂಗಿ ಮುಂಭಾಗದ ಹಲ್ಲುಗಳನ್ನೆಲ್ಲ ಒಂದೊಂದಾಗಿ ಉದುರಿಸಿಕೊಂಡಿದ್ದು, ಹೊಸ ಹಲ್ಲು ಬಂದಿದ್ದು, ಎಲ್ಲವನ್ನೂ ಅವನು ಆ ಫೋನಿನಲ್ಲೇ ನೋಡಿದ.

ಪಕ್ಕದ ಮನೆಯವರು, ಜನ ಮಾರ್ಮನ್ನರೆಂದು ಕರೆಯುವ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಪಂಥದವರು. ಅಲ್ಲಿ ಹುಡುಗ ಶಾಲೆ ಮುಗಿಸಿದ ಮೇಲೆ ಎರಡು ವರ್ಷ ಮಿಷನ್ ಸೇವೆಗೆ ಹೋಗಿಬರಬೇಕೆಂಬುದು ಮನೆಯವರ ದೊಡ್ಡ ಆಸೆ. ಹುಡುಗಿಯರೂ ಹೋಗುತ್ತಾರೆ, ಹದಿನೆಂಟು ತಿಂಗಳು. 2012ರ ಅಕ್ಟೋಬರ್‌ವರೆಗೆ ಹುಡುಗರಿಗೆ 19 ತುಂಬಬೇಕಿತ್ತು. ಆಗ ಅದನ್ನು 18ಕ್ಕೆ ಇಳಿಸಿದರು. ಕಾಗದದ ಮೇಲೆ ಒಂದೇ ವರ್ಷದ ವ್ಯತ್ಯಾಸ. ಅಮ್ಮಂದಿರನ್ನು ಕೇಳಿ ನೋಡಿ! ಮೊದಲು ಒಂದು ವರ್ಷವಾದರೂ ಕಾಲೇಜಿನಲ್ಲಿದ್ದು ಬಟ್ಟೆ ಒಗೆಯುವುದು, ಅಡುಗೆ ಮಾಡಿಕೊಳ್ಳುವುದು ಕಲಿತವನು ಹೋಗುತ್ತಿದ್ದ. ಈಗ ಹೈಸ್ಕೂಲಿನ ಬೆಂಚಿನಿಂದ ಎದ್ದವನೇ ಸೂಟ್‌ಕೇಸ್ ಹಿಡಿಯುತ್ತಾನೆ.

ಎಲ್ಲಿಗೆ ಹೋಗಬೇಕೆಂದು ಆರಿಸುವುದು ಅವನ ಕೈಯಲ್ಲಿಲ್ಲ. ಅದು ಸಾಲ್ಟ್ ಲೇಕ್ ಸಿಟಿಯ ಮುಖ್ಯ ಕಚೇರಿಯಿಂದ ಬರುತ್ತದೆ. ಹಿಂದೆ ಅಂಚೆಯಲ್ಲಿ ಬರುತ್ತಿದ್ದ ದಪ್ಪ ಬಿಳಿ ಲಕೋಟೆ ಈಗ ಕಂಪ್ಯೂಟರ್ ಪರದೆಗೆ ಬರುತ್ತದೆ. ಅವನಿಗೆ ಅದು ಬಂದ ದಿನ ನೆಂಟರಿಷ್ಟರೆಲ್ಲ ಸೇರಿದ್ದರು, ನಮ್ಮನ್ನೂ ಕರೆದಿದ್ದರು. ಗೋಡೆಯ ಮೇಲಿನ ಜಗತ್ತಿನ ನಕ್ಷೆಯಲ್ಲಿ ಒಬ್ಬೊಬ್ಬರೂ ತಮಗೆ ತೋಚಿದ ದೇಶಕ್ಕೆ ಗುಂಡುಪಿನ್ನು ಚುಚ್ಚಿದರು. ಹುಡುಗ ಓದಿದ: ಫಿಲಿಪೈನ್ಸ್, ಸೆಬುವಾನೊ ಭಾಷೆ. ಕೂಗು, ಚಪ್ಪಾಳೆ, ಅಪ್ಪುಗೆ. ಅವನ ಅಮ್ಮನೂ ನಗುತ್ತಲೇ ಇದ್ದಳು. ಆದರೆ ಎದ್ದು ನಕ್ಷೆಯ ಬಳಿ ಹೋಗಿ ಒಂದು ಬೆರಳನ್ನು ಯೂಟಾದ ಮೇಲೆ, ಇನ್ನೊಂದನ್ನು ಆ ದ್ವೀಪಗಳ ಮೇಲೆ ಇಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಿದ್ದನ್ನು ನಾನು ನೋಡಿದೆ.

ನಾನು ಅವರ ಧರ್ಮದವಳಲ್ಲ. ಇನ್ನೊಬ್ಬರ ಮನೆಬಾಗಿಲಿಗೆ ಹೋಗಿ ನಮ್ಮ ನಂಬಿಕೆಗೆ ಬನ್ನಿ ಎನ್ನುವುದು ನನಗೆ ಒಗ್ಗುವುದಿಲ್ಲ. ಆಕೆಗೂ ಇದನ್ನು ಹೇಳಿದ್ದೇನೆ. ಆಕೆ ಬೇಸರ ಮಾಡಿಕೊಳ್ಳಲಿಲ್ಲ. ಕಾಫಿ, ಚಹಾ ಮುಟ್ಟದ ಆ ಅಡುಗೆಮನೆಯಲ್ಲಿ ಬಿಸಿ ಚಾಕೊಲೇಟ್ ಕುಡಿಯುತ್ತ ಎಷ್ಟೋ ಸಂಜೆ ಕೂತಿದ್ದೇನೆ. ಧರ್ಮದ ವಾದ ಬೇರೆ, ಮಗನನ್ನು ಕಳಿಸಿದ ಮನೆಯ ಪಾಡು ಬೇರೆ. ನನಗೆ ಹೇಳಬೇಕೆನಿಸುವುದು ಈ ಎರಡನೆಯದು.

ಹೊರಡುವ ಮೊದಲಿನ ಕೆಲವು ದಿನ ವಿಚಿತ್ರವಾಗಿದ್ದವು. ಕೋವಿಡ್ ನಂತರ ತರಬೇತಿಯ ಆರಂಭ ಮನೆಯಿಂದಲೇ, ಆನ್‌ಲೈನ್‌ನಲ್ಲಿ ನಡೆಯುತ್ತಿತ್ತು. ಆಮೇಲೆ ಯೂಟಾದ ಪ್ರೊವೊ ನಗರದ ತರಬೇತಿ ಕೇಂದ್ರ. ಬಿಳಿ ಅಂಗಿ, ಟೈ ಹಾಕಿಕೊಂಡು ತನ್ನ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡ ಮಗ. ಹೊರಗೆ ಸಾರಿನ ಬಟ್ಟಲು ಹಿಡಿದ ಅಮ್ಮ. ಒಳಗಿನಿಂದ ಕೇಳುವ, ಅವಳಿಗೆ ಅರ್ಥವಾಗದ ಭಾಷೆ. ‘ಮನೆಯಲ್ಲೇ ಇದ್ದಾನೆ, ಹೋಗಿಬಿಟ್ಟಿದ್ದಾನೆ’ ಎಂದಿದ್ದಳು ಆಕೆ.

ಖರ್ಚು ಚರ್ಚಿನದು ಎಂದು ನಾನು ತಿಳಿದಿದ್ದೆ. ತಪ್ಪು. ತಿಂಗಳಿಗೆ 500 ಡಾಲರ್ ಮನೆಯಿಂದ ಕಟ್ಟಬೇಕು. 2020ರ ಜುಲೈಗೆ ಮೊದಲು 400 ಇತ್ತು. ಅಮೆರಿಕದ ಹುಡುಗ ಟೋಕಿಯೊಗೇ ಹೋಗಲಿ, ಮನಿಲಾಕ್ಕೇ ಹೋಗಲಿ, ಮೊತ್ತ ಒಂದೇ. 1991ಕ್ಕೆ ಮುಂಚೆ ಹಾಗಿರಲಿಲ್ಲ, ಹೋದ ಊರಿನ ದುಬಾರಿಯನ್ನು ಆಯಾ ಮನೆಯೇ ಹೊರಬೇಕಿತ್ತು. ಎರಡು ವರ್ಷಕ್ಕೆ 12,000 ಡಾಲರ್. ಇವನು ಬೇರೆಯವರ ಹುಲ್ಲು ಕತ್ತರಿಸಿ, ಹಿಮ ಗುಡಿಸಿ ಹತ್ತನೆಯ ವಯಸ್ಸಿನಿಂದ ಕೂಡಿಟ್ಟದ್ದು ಅರ್ಧಕ್ಕೆ ಬಂತು. ಉಳಿದದ್ದಕ್ಕೆ ಅಪ್ಪ ಹಳೆಯ ಟ್ರಕ್ಕನ್ನೇ ಇನ್ನೆರಡು ವರ್ಷ ಓಡಿಸಿದ.

ವಾರಕ್ಕೊಮ್ಮೆಯ ಈ ಮಾತುಕತೆಯೂ ಹೊಸದೇ. 2019ರ ಫೆಬ್ರುವರಿವರೆಗೆ ಮಿಷನ್‌ಗೆ ಹೋದವರು ಮನೆಗೆ ಫೋನ್ ಮಾಡಬಹುದಾಗಿದ್ದದ್ದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ಅಮ್ಮಂದಿರ ದಿನಕ್ಕೆ. ಮಿಕ್ಕ ದಿನ ಪತ್ರ, ನಂತರದ ಕಾಲದಲ್ಲಿ ಇಮೇಲ್. ಪಕ್ಕದ ಮನೆಯ ಅಪ್ಪ ತನ್ನ ಕಾಲದಲ್ಲಿ ಬ್ರೆಜಿಲ್‌ನಿಂದ ಎರಡು ವರ್ಷದಲ್ಲಿ ನಾಲ್ಕು ಸಲ ಅಮ್ಮನ ದನಿ ಕೇಳಿದವನು. ಈ ಬದಲಾವಣೆಯಿಂದ ಹುಡುಗರ ಮನಸ್ಸು ಮನೆಯ ಕಡೆಗೆ ಎಳೆಯುತ್ತದೆಂದು ಗೊಣಗುವ ಹಿರಿಯರಿದ್ದಾರೆ. ನನಗಂತೂ ಇದು ಬಹಳ ಹಿಂದೆಯೇ ಆಗಬೇಕಿತ್ತು ಅನಿಸುತ್ತದೆ. ಹದಿನೆಂಟರ ಹುಡುಗನ ದನಿ ಕೇಳಿದರೆ ಜ್ವರ ಬಂದಿದೆಯೋ, ಮನಸ್ಸು ಕುಗ್ಗಿದೆಯೋ ಅಮ್ಮನಿಗೆ ತಿಳಿಯುತ್ತದೆ. ಇಮೇಲ್‌ನಲ್ಲಿ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ.

ಹದಿನಾಲ್ಕನೆಯ ತಿಂಗಳಲ್ಲಿ ಅವನ ಅಜ್ಜ ತೀರಿಕೊಂಡರು. ಇಂಥ ಸಾವಿಗೂ ಸಾಮಾನ್ಯವಾಗಿ ಮಿಷನ್ ಬಿಟ್ಟು ಬರುವುದಿಲ್ಲ. ಒಂದು ಮಂಗಳವಾರ ಅಲ್ಲಿಯ ಮಿಷನ್ ಅಧ್ಯಕ್ಷರ ಅನುಮತಿಯಿಂದ ಅವನ ಫೋನ್ ಬಂತು. ಅಜ್ಜ ಅವನಿಗೆ ಮೀನು ಹಿಡಿಯಲು ಕಲಿಸಿದವರು. ಮಾತು ಹತ್ತು ನಿಮಿಷವೂ ಆಗಲಿಲ್ಲವಂತೆ. ಊರವರು ಆಕೆಗೆ, ನಿನ್ನ ಮಗ ದೇವರ ಕೆಲಸದಲ್ಲಿದ್ದಾನೆ, ಎಂಥ ಪುಣ್ಯ ಎಂದರು. ಅದು ನಿಜವೆಂದು ಆಕೆಯೂ ಮನಸಾರೆ ನಂಬಿದ್ದಳು. ಅದಕ್ಕೇ ಅಳಲು ಜಾಗ ಸಿಗಲಿಲ್ಲ. ಹೆಮ್ಮೆಪಡಬೇಕಾದ ಕಡೆ ಹೇಗೆ ಅಳುವುದು ಎಂದು ನಮ್ಮ ಹಿತ್ತಿಲ ಬೇಲಿಯ ಬಳಿ ನಿಂತು ಕೇಳಿದಳು. ಅಲ್ಲೇ ಅತ್ತಳು.

ಅವರ ಮಕ್ಕಳೆಲ್ಲ ಕೇಳಿ ಬೆಳೆಯುವ ಒಂದು ಕಥೆಯಿದೆ. 1839ರ ಸೆಪ್ಟೆಂಬರ್‌ನಲ್ಲಿ ಪಂಥದ ಆರಂಭಕಾಲದ ಹಿರಿಯರಾದ ಬ್ರಿಗಮ್ ಯಂಗ್ ಮತ್ತು ಹೀಬರ್ ಕಿಂಬಲ್, ಮಿಸಿಸಿಪ್ಪಿ ದಂಡೆಯ ಜೌಗಿನ ಜ್ವರದಲ್ಲಿ ನಡುಗುತ್ತಲೇ ಇಂಗ್ಲೆಂಡಿನ ಮಿಷನ್‌ಗೆ ಹೊರಟರು. ಯಂಗರ ಹೆಂಡತಿಗೆ ಹತ್ತು ದಿನದ ಹಸುಗೂಸು. ಕಿಂಬಲ್‌ರ ಹೆಂಡತಿ ಜ್ವರದಿಂದ ಹಾಸಿಗೆ ಹಿಡಿದಿದ್ದಳು. ಗಾಡಿ ಸ್ವಲ್ಪ ದೂರ ಹೋದ ಮೇಲೆ ಅವರಿಬ್ಬರೂ ಎದ್ದು ನಿಂತು ಟೋಪಿ ಬೀಸಿ ಜಯಕಾರ ಕೂಗಿದರು. ಸದ್ದು ಕೇಳಿ ಹೆಂಗಸರು ಬಾಗಿಲಿಗೆ ಬಂದರು. ‘ಚಿಕ್ಕವಳಿದ್ದಾಗ ಈ ಕಥೆಯಲ್ಲಿ ಗಾಡಿಯಲ್ಲಿದ್ದವರೇ ಕಾಣುತ್ತಿದ್ದರು. ಈಗ ಬಾಗಿಲಲ್ಲಿ ನಿಂತವರು ಕಾಣುತ್ತಾರೆ’ ಎಂದಳು ಆಕೆ.

ಆಮೇಲೆ ನನಗೂ ಕನ್ನಡ ನಿಘಂಟು ಬರೆದ ಕಿಟೆಲ್ ಬೇರೆಯಾಗಿ ಕಾಣತೊಡಗಿದರು. ಉತ್ತರ ಜರ್ಮನಿಯಲ್ಲಿ ಪಾದ್ರಿಯೊಬ್ಬರ ಮಗನಾಗಿ 1832ರಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನವರಾಗಿ 1853ರಲ್ಲಿ ನಮ್ಮ ನಾಡಿಗೆ ಬಂದಾಗ ಅವರಿಗೆ 21. ಫೋನಿಲ್ಲ, ತಂತಿಯಿಲ್ಲ, ಹಡಗು ತಂದ ಕಾಗದವೇ ಗತಿ. 1894ರ ಅವರ ನಿಘಂಟಿನಲ್ಲಿ ‘ಅಮ್ಮ’ ಎಂಬ ಪದಕ್ಕೂ ಅರ್ಥ ಬರೆದಿದ್ದಾರೆ. ಎಷ್ಟೋ ಸಲ ಆ ಪುಟ ತಿರುವಿದ್ದರೂ, ಅದನ್ನು ಬರೆದವರಿಗೂ ಬಾಗಿಲಲ್ಲಿ ನಿಂತು ಕಳಿಸಿದ ಮನೆಯೊಂದಿತ್ತೆಂದು ನನಗೆ ಹೊಳೆದಿರಲಿಲ್ಲ.

ಇನ್ನೊಂದು ಮಾತು, ಇದನ್ನು ಹೇಳದೆ ಬಿಡಲಾರೆ. ನಮ್ಮ ಬೀದಿಯ ಕೊನೆಯ ಮನೆಯ ಹುಡುಗ ಐದೇ ತಿಂಗಳಿಗೆ ವಾಪಸಾದ. ನಿದ್ದೆ ಬಾರದೆ, ಎದೆ ಹೊಡೆದುಕೊಂಡು, ಕೈ ನಡುಗಿ. ಕಾಲು ಮುರಿದಿದ್ದರೆ ಬೀದಿಯವರೆಲ್ಲ ಊಟ ಹೊತ್ತು ಹೋಗುತ್ತಿದ್ದರು; ಮನಸ್ಸಿನ ನೋವಿಗೆ ಏನು ಒಯ್ಯಬೇಕೆಂದು ಯಾರಿಗೂ ತಿಳಿಯಲಿಲ್ಲ. ಅವನ ಅಮ್ಮ ಕೆಲವು ವಾರ ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ಕೂತಳು. ಅರ್ಧಕ್ಕೆ ಬಂದವನೂ ಅಷ್ಟೇ ನಂಬಿಕೆಯಿಂದ ಹೋದವನು, ಅಷ್ಟೇ ಪ್ರೀತಿಗೆ ಹಕ್ಕುದಾರ. ಪಕ್ಕದ ಮನೆಯಾಕೆ ತನ್ನ ಮಗನಿಗೆಂದು ಕಟ್ಟುತ್ತಿದ್ದ ಪಾರ್ಸೆಲ್‌ನಿಂದ ಅರ್ಧ ತಿಂಡಿ ತೆಗೆದುಕೊಂಡು ಅಲ್ಲಿಗೆ ಹೋದಳು. ಮಾತಾಡಿಸಿ ಬಂದಳು. ಆಕೆಯ ಮೇಲೆ ನನ್ನ ಗೌರವ ಹೆಚ್ಚಾದದ್ದು ಅಂದು.

ಆಕೆಗೆ ನೆಮ್ಮದಿ ಕೊಟ್ಟದ್ದು ಯಾವ ಉಪದೇಶವೂ ಅಲ್ಲ. ಫಿಲಿಪೈನ್ಸ್‌ನ ಆ ಊರಿನ ಹೆಂಗಸೊಬ್ಬಳು ಆಗಾಗ ಕಳಿಸುತ್ತಿದ್ದ ಫೋಟೊಗಳು: ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಮಗ, ಮುಂದೆ ಅನ್ನದ ತಟ್ಟೆ. ಜೊತೆಗೆ ಹರಕು ಇಂಗ್ಲಿಷಿನಲ್ಲಿ ಒಂದು ಸಾಲು, ಚೆನ್ನಾಗಿ ಊಟ ಮಾಡಿದ ಎಂದು. ಆ ಫೋಟೊಗಳನ್ನು ನನಗೆ ಎಷ್ಟು ಸಲ ತೋರಿಸಿದಳೋ.

2024ರ ಬೇಸಿಗೆಯಲ್ಲಿ ಹುಡುಗ ಮರಳಿದ. ಸಾಲ್ಟ್ ಲೇಕ್ ಸಿಟಿಯ ಹೊಸ ವಿಮಾನ ನಿಲ್ದಾಣವನ್ನು 2020ರಲ್ಲಿ ತೆರೆದಾಗ, ಹೀಗೆ ಬರುವವರನ್ನು ಕಾಯುವ ಕುಟುಂಬಗಳಿಗೆಂದೇ ಬೆಂಕಿಗೂಡಿರುವ ದೊಡ್ಡ ಕೋಣೆ ಕಟ್ಟಿದ್ದಾರೆ. ಬಲೂನು, ಬ್ಯಾನರ್ ಹಿಡಿದು ಅಲ್ಲಿ ನಾವೂ ನಿಂತಿದ್ದೆವು. ಅಂದು ರಾತ್ರಿ ಸ್ಥಳೀಯ ಹಿರಿಯರು ಅವನನ್ನು ಸೇವೆಯಿಂದ ಬಿಡುಗಡೆ ಮಾಡಿದರು. ಎರಡು ವರ್ಷ ಎದೆಯ ಮೇಲಿದ್ದ ಕಪ್ಪು ಹೆಸರುಪಟ್ಟಿ ಇಳಿಯಿತು.

ಮರುದಿನ ಬೆಳಗ್ಗೆ ಆರೂವರೆಗೇ ಬಚ್ಚಲಿನಲ್ಲಿ ನೀರಿನ ಸದ್ದು. ಆಕೆ ಹೋಗಿ ನೋಡಿದರೆ, ಮಗ ಕುಕ್ಕರಗಾಲಿನಲ್ಲಿ ಕೂತು ಬಕೆಟ್‌ನಲ್ಲಿ ಅಂಗಿ ಒಗೆಯುತ್ತಿದ್ದಾನೆ. ಕಾಲರನ್ನು ಎರಡೂ ಕೈಯಿಂದ ಉಜ್ಜಿ, ಹಿಂಡಿ, ಕೊಡವುತ್ತಿದ್ದಾನೆ. ಗೋಡೆಯಾಚೆ ವಾಷಿಂಗ್ ಮಷೀನು ಖಾಲಿ ನಿಂತಿದೆ. ಯಾರು ಕಲಿಸಿದರು ಎಂದು ಆಕೆ ಕೇಳಿದಳಂತೆ.

‘ಊಟ ಹಾಕುತ್ತಿದ್ದರಲ್ಲ ಅಮ್ಮ, ಅವರು.’

ಆಕೆ ಪಕ್ಕದಲ್ಲಿ ಕೂತು ಎರಡನೆಯ ಅಂಗಿ ತೆಗೆದುಕೊಂಡಳು.