ಗಡಿಗಿಂತ ಎತ್ತರವಾದ ಗೋಡೆ

ಕಳೆದ ಮಳೆಗಾಲದಲ್ಲಿ ನಮ್ಮ ಧರ್ಮಕೇಂದ್ರದ ಎಲ್ಲೆಯೊಳಗೆ ವಾಸವಾಗಿದ್ದ ನಿವೃತ್ತ ಶಿಕ್ಷಕಿಯೊಬ್ಬರು ದೈವಾಧೀನರಾದರು. ಅವರು ದಕ್ಷಿಣ ಭಾರತ ಸಭೆಗೆ, ಅಂದರೆ ಮಂಗಳೂರಿನ ಹಿರಿಯರು ಇಂದಿಗೂ 'ಬಾಸೆಲ್ ಮಿಷನ್ನಿನವರು' ಎಂದೇ ಕರೆಯುವ ಪ್ರೊಟೆಸ್ಟೆಂಟ್ ಸಮುದಾಯಕ್ಕೆ ಸೇರಿದವರು. ನಮ್ಮ ಕಥೋಲಿಕ ಕುಟುಂಬಗಳ ಎರಡು ತಲೆಮಾರಿನ ಮಕ್ಕಳಿಗೆ ಅಕ್ಷರ ಕಲಿಸಿದ ಆ ತಾಯಿಯ ಅಂತ್ಯಸಂಸ್ಕಾರಕ್ಕೆ ನಾವೂ ಹೋದೆವು. ಅಲ್ಲಿ ಕಂಡ ದೃಶ್ಯ ನಮ್ಮನ್ನು ಚಿಂತೆಗೆ ಹಚ್ಚಿತು. ದೇವಾಲಯದ ಗೇಟಿನ ಹೊರಗೆ, ಸುರಿಯುವ ಮಳೆಯಲ್ಲಿ, ನಮ್ಮ ಧರ್ಮಕೇಂದ್ರದ ಹಲವರು ಕೊಡೆ ಹಿಡಿದು ನಿಂತಿದ್ದರು. ಒಳಗೆ ಪ್ರಾರ್ಥನೆ ಆರಂಭವಾಗಿದ್ದರೂ ಅವರಲ್ಲಿ ಒಬ್ಬರೂ ಹೆಜ್ಜೆ ಮುಂದಿಟ್ಟಿರಲಿಲ್ಲ. ನಮ್ಮನ್ನು ಕಂಡ ಹಿರಿಯರೊಬ್ಬರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಫಾದರ್, ನಾವು ಒಳಗೆ ಹೋಗಬಹುದಾ? ಪಾಪ ಆಗುವುದಿಲ್ಲವಲ್ಲ?" ಎಂದು ಕೇಳಿದರು. "ಬನ್ನಿ, ಒಟ್ಟಿಗೆ ಹೋಗೋಣ" ಎಂದೆವು. ಅರ್ಧದಷ್ಟು ಮಂದಿ ಬಂದರು. ಉಳಿದವರು ಮಳೆಯಲ್ಲೇ ಉಳಿದರು.

ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ತಮ್ಮ ಮಕ್ಕಳ ಟೀಚರಿನ ಮೇಲೆ ಅವರಿಗೆ ಪ್ರೀತಿ ಇತ್ತು. ಇಲ್ಲದಿದ್ದರೆ ಆ ಮಳೆಯಲ್ಲಿ ಬರುತ್ತಿರಲಿಲ್ಲ. ಗೇಟಿನವರೆಗೆ ಅವರನ್ನು ತಂದದ್ದು ಪ್ರೀತಿ, ಗೇಟಿನಲ್ಲಿ ತಡೆದದ್ದು ಭಯ. ಈ ಭಯ ಎಲ್ಲಿಂದ ಬಂತು? ಧರ್ಮಸಭೆಯ ಬೋಧನೆಯಿಂದಲೇ?

ಉತ್ತರ ಹುಡುಕಿದರೆ ಅಚ್ಚರಿಯಾಗುತ್ತದೆ. ಅತ್ಯಂತ ಕಟ್ಟುನಿಟ್ಟಿನದೆಂದು ನಾವು ಭಾವಿಸುವ 1917ರ ಧರ್ಮಸಭಾ ಕಾನೂನು ಸಂಹಿತೆ ಕೂಡ ಇತರರ ಆರಾಧನೆಯಲ್ಲಿ ಭಾಗವಹಿಸುವುದನ್ನು ನಿಷೇಧಿಸಿದರೂ, ಗೌರವ ಸಲ್ಲಿಸುವ ಸಲುವಾಗಿ ಅವರ ಶವಸಂಸ್ಕಾರ, ವಿವಾಹಗಳಂತಹ ಸಂದರ್ಭಗಳಲ್ಲಿ ತಕ್ಕ ಕಾರಣವಿದ್ದರೆ ಉಪಸ್ಥಿತರಿರುವುದನ್ನು ಸಹಿಸಿಕೊಂಡಿತ್ತು. 1964ರ ನವೆಂಬರ್ 21ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಕ್ರೈಸ್ತ ಐಕ್ಯವನ್ನು ಕುರಿತ ತನ್ನ ಆದೇಶಪತ್ರವನ್ನು ಹೊರಡಿಸಿತು. ಕ್ರಿಸ್ತರಲ್ಲಿ ವಿಶ್ವಾಸವಿಟ್ಟು ವಿಧಿವತ್ತಾಗಿ ದೀಕ್ಷಾಸ್ನಾನ ಪಡೆದವರು ಪೂರ್ಣವಲ್ಲದಿದ್ದರೂ ನಿಜವಾದ ಬಾಂಧವ್ಯದಲ್ಲಿ ನಮ್ಮೊಡನಿದ್ದಾರೆ, ಅವರನ್ನು ಸಹೋದರರೆಂದು ಕರೆಯುವುದು ನ್ಯಾಯ ಎಂದು ಅದು ಸಾರಿತು. ಒಡಕಿಗೆ ಎರಡೂ ಕಡೆಯವರ ದೋಷ ಕಾರಣವೆಂದೂ ಒಪ್ಪಿಕೊಂಡಿತು. ಇಷ್ಟಾದ ಮೇಲೂ ಗೇಟಿನ ಹೊರಗೆ ನಿಲ್ಲುತ್ತೇವೆ ಎಂದಾದರೆ, ಧರ್ಮಸಭೆ ಗುರುತಿಸಿದ ಗಡಿಗಿಂತ ನಾವೇ ಕಟ್ಟಿಕೊಂಡ ಗೋಡೆ ಎತ್ತರವಾಗಿದೆ ಎಂದೇ ಅರ್ಥ.

ನಮ್ಮ ಹಿರಿಯರೆಲ್ಲರೂ ಹೀಗೆ ಗೋಡೆಯ ಹಿಂದೆಯೇ ಬಾಳಿದವರಲ್ಲ. ನಮ್ಮ ಮಂಗಳೂರಿನ ಇತಿಹಾಸವನ್ನೇ ನೋಡೋಣ. 1834ರಲ್ಲಿ ಬಾಸೆಲ್ ಮಿಷನ್ನಿನ ಮೊದಲ ಮೂವರು ಪಾದ್ರಿಗಳು ಇಲ್ಲಿಗೆ ಬಂದರು. ಅವರ ಮುದ್ರಣಾಲಯ ಕನ್ನಡ ನಾಡಿಗೆ ನೀಡಿದ ಕೊಡುಗೆಯನ್ನು ಎಲ್ಲರೂ ಬಲ್ಲರು. 1843ರಲ್ಲಿ ಹರ್ಮನ್ ಮೋಗ್ಲಿಂಗರ 'ಮಂಗಳೂರ ಸಮಾಚಾರ', 1894ರಲ್ಲಿ ಫರ್ಡಿನಾಂಡ್ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ಆ ಮಿಷನ್ನಿನ ಶ್ರಮದಿಂದಲೇ ಬೆಳಕು ಕಂಡವು. ಇತ್ತ 1878ರ ಡಿಸೆಂಬರ್ 31ರಂದು ಯೇಸುಸಭೆಯ ಗುರುಗಳು ಇಟಲಿಯಿಂದ ಮಂಗಳೂರಿಗೆ ಬಂದಿಳಿದರು. ಆ ಸಭೆಗೆ ಸೇರಿದ ಆಂಜೆಲೊ ಫ್ರಾನ್ಸಿಸ್ ಕ್ಸೇವಿಯರ್ ಮಾಫೆಯಿ ಎಂಬ ಗುರುಗಳು ನಮ್ಮ ಜನರ ಮಾತೃಭಾಷೆಯಾದ ಕೊಂಕಣಿಯನ್ನು ಕಲಿತು, ಅದರ ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದರು. ವ್ಯಾಕರಣ 1882ರಲ್ಲಿ, ನಿಘಂಟು 1883ರಲ್ಲಿ ಪ್ರಕಟವಾಯಿತು. ಅವು ಅಚ್ಚಾದದ್ದು ಎಲ್ಲಿ? ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ!

ಈ ಸಂಗತಿಯ ತೂಕವನ್ನು ನಾವು ಅರಿಯಬೇಕು. ಅದು ಎರಡೂ ಪಂಗಡಗಳು ಪರಸ್ಪರರ ಬೋಧನೆಯನ್ನು ತಪ್ಪೆಂದೇ ಸಾರುತ್ತಿದ್ದ ಕಾಲ. ಮಹಾಸಭೆ 'ಸಹೋದರರು' ಎಂಬ ಪದವನ್ನು ಉಚ್ಚರಿಸಲು ಇನ್ನೂ ಎಂಬತ್ತಕ್ಕೂ ಹೆಚ್ಚು ವರ್ಷಗಳು ಬಾಕಿ ಇದ್ದವು. ಅಂತಹ ದಿನಗಳಲ್ಲಿ ಕಥೋಲಿಕ ಗುರುವೊಬ್ಬರ ವರ್ಷಗಳ ದುಡಿಮೆಗೆ ಪ್ರೊಟೆಸ್ಟೆಂಟರ ಮುದ್ರಣಾಲಯದಲ್ಲಿ ಮೊಳೆ ಜೋಡಿಸಲಾಯಿತು.

"ಅದು ಬರೀ ವ್ಯವಹಾರ, ಹಣ ಕೊಟ್ಟರು, ಅಚ್ಚು ಹಾಕಿದರು" ಎಂದು ಯಾರಾದರೂ ಹೇಳಬಹುದು. ಇರಲಿ. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಮೂರು ಬಗೆಯ ಸ್ನೇಹವನ್ನು ವಿವರಿಸುತ್ತಾನೆ: ಪ್ರಯೋಜನಕ್ಕಾಗಿ ಮಾಡುವ ಸ್ನೇಹ, ಸಂತೋಷಕ್ಕಾಗಿ ಮಾಡುವ ಸ್ನೇಹ, ಸದ್ಗುಣವನ್ನು ಮೆಚ್ಚಿ ಮಾಡುವ ಸ್ನೇಹ. ಮೂರನೆಯದೇ ಶ್ರೇಷ್ಠ, ನಿಜ. ಆದರೆ ಮನುಷ್ಯರು ಸಾಮಾನ್ಯವಾಗಿ ಮೊದಲನೆಯ ಮೆಟ್ಟಿಲಿನಿಂದಲೇ ಏರಬೇಕಾಗುತ್ತದೆ ಎಂಬುದು ನಮ್ಮ ಅನುಭವ. ವ್ಯಾಕರಣ ಗ್ರಂಥವೊಂದು ಕರಡಚ್ಚು ತಿದ್ದದೆ ಹೊರಬರುವುದಿಲ್ಲ. ತಿದ್ದುವಾಗ ಒಬ್ಬರ ಎಚ್ಚರ, ಪ್ರಾಮಾಣಿಕತೆ, ತಾಳ್ಮೆ ಇನ್ನೊಬ್ಬರಿಗೆ ತಿಳಿಯದೆ ಇರುವುದಿಲ್ಲ. ಗೌರವ ಹುಟ್ಟುವುದು ಇಂತಹ ಕಡೆಯಲ್ಲೇ.

ನಮ್ಮ ಮನೆಗಳ ಮಾಡನ್ನೇ ನೋಡಿ. ನಾಡಿನಾದ್ಯಂತ ಹೆಸರಾದ ಮಂಗಳೂರು ಹೆಂಚಿನ ಉದ್ಯಮ ಬೆಳೆದದ್ದು 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಆರಂಭಿಸಿದ ಕಾರ್ಖಾನೆಯಿಂದ. ಮುಂದೆ ಕಥೋಲಿಕ ಉದ್ಯಮಿಗಳೂ ಆ ಕಸುಬಿಗೆ ಇಳಿದರು. ಹಾಗೆಯೇ, ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಆರಂಭಿಸಿದ ಔಷಧಾಲಯ ಇಂದು ದೊಡ್ಡ ಆಸ್ಪತ್ರೆಯಾಗಿ ಬೆಳೆದಿದೆ. ಅಲ್ಲಿ ರೋಗಿಯ ಪಂಗಡವನ್ನು ಯಾರೂ ಕೇಳುವುದಿಲ್ಲ. ಹೀಗೆ ಅವರ ಹೆಂಚಿನ ಕೆಳಗೆ ನಾವು ಮಲಗಿದ್ದೇವೆ. ನಮ್ಮವರ ಔಷಧದಿಂದ ಅವರು ಗುಣಹೊಂದಿದ್ದಾರೆ.

ಹಾಗಾದರೆ ನಮ್ಮ ನಡುವೆ ಭೇದವೇ ಇಲ್ಲವೆಂದು ಹೇಳಬೇಕೇ? ಇಲ್ಲ. ಹಾಗೆ ಹೇಳುವುದು ಸ್ನೇಹಕ್ಕೂ ಸತ್ಯಕ್ಕೂ ಅಪಚಾರ. ಪೋಪ್ ಜಗದ್ಗುರುಗಳ ಅಧಿಕಾರ, ಸಂಸ್ಕಾರಗಳ ಸಂಖ್ಯೆ ಮತ್ತು ಸ್ವರೂಪ, ಮಾತೆ ಮರಿಯಮ್ಮನವರಿಗೆ ಸಲ್ಲಿಸುವ ಗೌರವ, ಎಲ್ಲಕ್ಕಿಂತ ಮಿಗಿಲಾಗಿ ಪರಮಪ್ರಸಾದ ಮತ್ತು ಗುರುದೀಕ್ಷೆಯ ತಿಳಿವಳಿಕೆ — ಇವುಗಳಲ್ಲಿ ನಾವು ಒಮ್ಮತಕ್ಕೆ ಬಂದಿಲ್ಲ. ಆದರೆ ಭೇದ ಬೇರೆ, ವೈರ ಬೇರೆ. ಒಡಕಿನ ಮೂಲದಲ್ಲಿದ್ದ ಪ್ರಶ್ನೆ, ಪಾಪಿಯಾದ ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ಹೇಗೆ ಎಂಬುದು. ಅದರ ಮೂಲಭೂತ ಸತ್ಯಗಳಲ್ಲಿ ತಮ್ಮೊಳಗೆ ಸಹಮತವಿದೆ ಎಂದು ಕಥೋಲಿಕ ಧರ್ಮಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಸಹಿ ಹಾಕಿದವು. 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಆ ಘೋಷಣೆಗೆ ಜೊತೆಗೂಡಿದರು. ನಾಲ್ಕೂವರೆ ಶತಮಾನಗಳಿಗೂ ಮಿಕ್ಕಿ ಕಗ್ಗಂಟಾಗಿದ್ದ ಪ್ರಶ್ನೆ ತಾಳ್ಮೆಯ ಮಾತುಕತೆಯಿಂದ ಸಡಿಲಾಯಿತು.

ತಾಳ್ಮೆಯಿಂದ ಕೇಳುವ ಈ ಗುಣ ನಮ್ಮಲ್ಲೇ ಒಮ್ಮೆ ಇರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಗುರುದೀಕ್ಷೆ ಪಡೆದ ಹೊಸತರಲ್ಲಿ ನಾವು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರದಲ್ಲಿ ಒಂದು ಕುಟುಂಬವಿತ್ತು. ಗಂಡ ಕಥೋಲಿಕ, ಹೆಂಡತಿ ಪ್ರೊಟೆಸ್ಟೆಂಟ್. ಮಗಳನ್ನು ಕಥೋಲಿಕಳಾಗಿ ಬೆಳೆಸುವ ವಾಗ್ದಾನ ಗಂಡನದು. ದಿನವೂ ಸಂಜೆ ಮಗುವನ್ನು ಕೂರಿಸಿಕೊಂಡು ಜಪ ಬಾಯಿಪಾಠ ಮಾಡಿಸುತ್ತಿದ್ದವಳು ಆ ತಾಯಿ. ಪ್ರಥಮ ಪರಮಪ್ರಸಾದಕ್ಕೆ ಮಗಳ ಬಿಳಿಯ ಅಂಗಿಯನ್ನು ತಾನೇ ಹೊಲಿದಿದ್ದಳು. ಹಿಂದಿನ ದಿನ ಆಕೆ ಬಂದು, "ಫಾದರ್, ನಾಳೆ ಮಗಳ ಜೊತೆ ಪೀಠದ ಹತ್ತಿರ ಬರಬಹುದಾ?" ಎಂದು ಕೇಳಿದಳು. ನಾವು ಪುಸ್ತಕ ಓದಿದವರ ಗತ್ತಿನಿಂದ, "ನಿಮಗೆ ಪರಮಪ್ರಸಾದ ಕೊಡಲು ಆಗುವುದಿಲ್ಲ" ಎಂದು ಹೇಳಿ ಕಾನೂನನ್ನು ವಿವರಿಸಿದೆವು. ಆಕೆ ತಲೆಯಾಡಿಸಿ ಹೋದಳು. ಮರುದಿನ ಕೊನೆಯ ಬೆಂಚಿನಲ್ಲಿ ಕುಳಿತಿದ್ದಳು. ಇತರ ಮಕ್ಕಳು ತಂದೆತಾಯಿಯರ ನಡುವೆ ನಡೆದು ಬಂದರು; ಈ ಮಗು ತಂದೆಯೊಡನೆ ಮಾತ್ರ ಬಂದಿತು.

ಆಕೆ ಪರಮಪ್ರಸಾದವನ್ನು ಕೇಳಿರಲಿಲ್ಲ ಎಂಬುದು ನಮಗೆ ಹೊಳೆದದ್ದು ಬಹಳ ತಡವಾಗಿ. ಮಗಳ ಕೈಹಿಡಿದು ನಡೆಯಲು ಅನುಮತಿ ಕೇಳಿದ್ದಳು, ಅಷ್ಟೇ. ಅದಕ್ಕೆ ಯಾವ ಕಾನೂನಿನ ಅಡ್ಡಿಯೂ ಇರಲಿಲ್ಲ. ನಾವು ಹೇಳಿದ ನಿಯಮ ಸರಿಯಾಗಿಯೇ ಇತ್ತು. ಕೇಳದ ಪ್ರಶ್ನೆಗೆ ಉತ್ತರ ಕೊಟ್ಟು, ಕೇಳಿದ್ದನ್ನು ಕಳೆದುಬಿಟ್ಟದ್ದು ನಮ್ಮ ತಪ್ಪು. ಕ್ಷಮೆ ಕೇಳೋಣವೆಂದರೆ ಆ ಕುಟುಂಬ ಊರು ಬಿಟ್ಟು ಹೋಗಿತ್ತು. ಗೇಟಿನ ಹೊರಗೆ ನಿಂತವರನ್ನು ನಾವು ದೂರದಿರುವುದಕ್ಕೆ ಇದೂ ಒಂದು ಕಾರಣ. ಅವರು ತಮ್ಮನ್ನು ತಾವೇ ತಡೆದುಕೊಂಡರು. ನಾವು ಇನ್ನೊಬ್ಬರನ್ನು ತಡೆದೆವು.

ಪ್ರಿಯ ಕುಟುಂಬಗಳೇ, ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯಕ್ಕಾಗಿ ಪ್ರಾರ್ಥನಾ ವಾರ ಆಚರಿಸಲ್ಪಡುತ್ತದೆ. ಆ ವಾರಕ್ಕೆ ಕಾಯಬೇಕಾಗಿಲ್ಲ. ನೆರೆಯ ಪ್ರೊಟೆಸ್ಟೆಂಟ್ ಮನೆಯಲ್ಲಿ ಮರಣ ಸಂಭವಿಸಿದರೆ ಒಳಗೆ ಹೋಗಿ ಕುಳಿತುಕೊಳ್ಳಿ. ಅವರ ವಿಶ್ವಾಸದ ಬಗ್ಗೆ ಸಂಶಯವಿದ್ದರೆ ಅವರನ್ನೇ ಕೇಳಿ; ನಿಮ್ಮದರ ಬಗ್ಗೆ ಅವರು ಕೇಳಿದರೆ ನಾಚದೆ, ಜಂಬವಿಲ್ಲದೆ ಹೇಳಿ. ಮಕ್ಕಳ ಮುಂದೆ ಅವರನ್ನು ಹಗುರವಾಗಿ ಆಡಬೇಡಿ. ಅಂತರ್‌ಸಭಾ ವಿವಾಹದಿಂದ ನಿಮ್ಮ ಮನೆಗೆ ಬಂದ ಸೊಸೆ ಅಥವಾ ಅಳಿಯ ತನ್ನ ಭಾನುವಾರದ ಆರಾಧನೆಗೆ ಹೊರಟರೆ ಮುಖ ಸಿಂಡರಿಸಬೇಡಿ. ಪ್ರಭು ಯೇಸು ತಮ್ಮ ಯಾತನೆಯ ಹಿಂದಿನ ರಾತ್ರಿ ಶಿಷ್ಯರೆಲ್ಲರೂ ಒಂದಾಗಿರಲೆಂದು ತಂದೆಯನ್ನು ಬೇಡಿಕೊಂಡರು. ಆ ಪ್ರಾರ್ಥನೆ ಪೂರ್ಣವಾಗಿ ನೆರವೇರಲು ಎಷ್ಟು ಕಾಲ ಬೇಕೋ, ಅದು ದೇವರ ಚಿತ್ತ. ಗೋಡೆಯನ್ನು ಇನ್ನಷ್ಟು ಎತ್ತರಿಸದಿರುವುದು ನಮ್ಮ ಕೈಯಲ್ಲಿದೆ.

ಅಂದು ಸಂಸ್ಕಾರ ಮುಗಿದು ಹೊರಬರುವಾಗ ಆ ಹಿರಿಯರು ನಮ್ಮ ಪಕ್ಕದಲ್ಲೇ ಇದ್ದರು. ಒಳಗೆ ಎಲ್ಲರೂ ಎದ್ದುನಿಂತು ಪ್ರಭು ಕಲಿಸಿದ ಪ್ರಾರ್ಥನೆಯನ್ನು ಹೇಳಿದಾಗ ಅವರ ತುಟಿಗಳೂ ಅಲುಗಿದ್ದನ್ನು ನಾವು ಗಮನಿಸಿದ್ದೆವು. ಕೊಡೆ ಬಿಡಿಸುತ್ತಾ ಅವರೆಂದರು: "ಒಂದೆರಡು ಶಬ್ದ ಬೇರೆ ಇದೆ ಫಾದರ್, ಜಪ ನಮ್ಮದೇ." ಬಳಿಕ ಗೇಟಿನ ಹೊರಗಿದ್ದವರ ಬಳಿಗೆ ಹೋಗಿ, ಮಣ್ಣು ಹಾಕುವಾಗಲಾದರೂ ಬನ್ನಿ ಎಂದು ಅವರನ್ನು ಕರೆತಂದರು.